ಮುಂದೆ, ಹಿಂದೆ, ಎಡ, ಬಲ

ನಮ್ಮ ಶಾಲೆಯ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಎರಡು ರಿಂಗ್‌ಗಳು ಒಂದೇ ಎತ್ತರದಲ್ಲಿ ಇರಲಿಲ್ಲ. ಹುಣಸೆ ಮರದ ಕಡೆಯದ್ದು ಸ್ವಲ್ಪ ಬಾಗಿತ್ತು. ನಾವೆಲ್ಲ ಅದರ ಕೆಳಗೇ ಸಾಲು ಹಚ್ಚುತ್ತಿದ್ದೆವು, ಅಲ್ಲಿ ಚೆಂಡು ಬೇಗ ಬೀಳುತ್ತಿತ್ತಲ್ಲ! ಒಂದು ದಿನ ಪಿ.ಟಿ. ಸರ್ ಬಿದಿರಿನ ಗಳಕ್ಕೆ ಟೇಲರ್ ಟೇಪು ಕಟ್ಟಿಕೊಂಡು ಬಂದು ಅಳೆದರು. ಆಚೆ ಕಡೆಯ ರಿಂಗ್ ಸರಿಯಾಗಿ 3.05 ಮೀಟರ್ ಇತ್ತು. ಅವತ್ತಿನಿಂದ ಹುಣಸೆ ಮರದ ಕಡೆ ಆಟ ಬಂದ್.

ಅದೇ ಸರ್ ಇನ್ನೊಮ್ಮೆ ಏಣಿ ಹಾಕಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿದರು. ಮೇಲಿಂದ ನೋಡಿದರೆ ರಿಂಗ್ ಬಾವಿಯಷ್ಟು ಅಗಲ ಕಂಡಿತು. 45 ಸೆಂಟಿಮೀಟರ್ ಅಗಲ, ಚೆಂಡು ಸುಮಾರು 24. ಎರಡು ಚೆಂಡು ಅಕ್ಕಪಕ್ಕ ಇಟ್ಟರೆ ಇನ್ನೇನು ಹಿಡಿದೇಬಿಟ್ಟವು ಅನ್ನುವಷ್ಟು. "ಕೆಳಗಿಂದ ಸಣ್ಣದು ಕಾಣ್ತದ, ಅಷ್ಟ," ಅಂದರು. ಏಣಿ ಇಳಿದ ಮೇಲೂ ನನಗೆ ಅದು ಸಣ್ಣದಾಗಿಯೇ ಕಂಡಿತು ಅನ್ನೋದು ಬೇರೆ ಮಾತು.

ಆಗ 1997. ನಾನು ಒಂಬತ್ತನೇ ಕ್ಲಾಸು. ಹತ್ತನೇ ಕ್ಲಾಸಿನಲ್ಲಿ ಒಬ್ಬ ಅಕ್ಕ ಇದ್ದಳು, ನಾನು ಹತ್ತಿರದಿಂದ ನೋಡಿದ ಅತ್ಯುತ್ತಮ ಆಟಗಾರ್ತಿ. ಹೆಸರು ಹಾಕಿದರೆ ಬೈಯುತ್ತಾಳೆ. ಎತ್ತರ ಏನೂ ಇರಲಿಲ್ಲ, ಓಟವೂ ಸಾಧಾರಣ. ಧಾರವಾಡದ ಜಿಟಿಜಿಟಿ ಮಳೆಗೆ ನಮ್ಮ ಸಿಮೆಂಟ್ ಕೋರ್ಟು ಪಾಚಿಗಟ್ಟುತ್ತಿತ್ತು. ಅವಳು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಫ್ರೀ ಥ್ರೋ (ಎದುರಾಳಿ ತಪ್ಪು ಮಾಡಿದಾಗ, ಯಾರೂ ಅಡ್ಡ ಬರದ ಹಾಗೆ ಸಿಗುವ ಎಸೆತ) ಗೆರೆಯ ಸುತ್ತ ಕಸಬರಿಗೆಯಿಂದ ತಿಕ್ಕಿ, ಆಮೇಲೆ ಚೆಂಡು ಹಿಡಿಯುತ್ತಿದ್ದಳು. ಪ್ರಾರ್ಥನೆಯ ಸಾಲಿನಲ್ಲಿ ಹಿಂದೆ ನಿಂತು, ಚೆಂಡಿಲ್ಲದೆ ಸುಮ್ನೆ ಮೊಣಕಾಲು ಬಗ್ಗಿಸಿ ಕೈ ಎತ್ತಿ ಮಣಿಕಟ್ಟು ಮಡಚುತ್ತಿದ್ದಳು. ನಾವು ನಗುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆಡುತ್ತಿದ್ದ ಸ್ಟೀವ್ ನ್ಯಾಶ್‌ನ ಆಟ ನೋಡಿದೆ. ರೆಫರಿ ಚೆಂಡು ಕೊಡುವ ಮೊದಲೇ ಅವನು ಬರಿಗೈಯಲ್ಲಿ ಫ್ರೀ ಥ್ರೋ ಎಸೆದು ನೋಡಿಕೊಳ್ಳುತ್ತಿದ್ದ. ಅವನ ಫ್ರೀ ಥ್ರೋಗಳಲ್ಲಿ ನೂರಕ್ಕೆ ತೊಂಬತ್ತು ಬಿದ್ದಿವೆ. ನಗುತ್ತಿದ್ದದ್ದು ನೆನಪಾಗಿ ಮುಖ ಬಿಸಿಯಾಯಿತು.

ಅವಳ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆ ಒಮ್ಮೆ ಕದ್ದು ನೋಡಿದ್ದೆ. ತುಂಬಾ ಅಕ್ಷರಗಳು: ಮುಂ, ಮುಂ, ಎ, ಹಿಂ, ಬ, ಮುಂ. ಚೆಂಡು ತಪ್ಪಿದ್ದು ರಿಂಗಿನ ಮುಂದೆಯೋ, ಹಿಂದೆಯೋ, ಎಡಕ್ಕೋ, ಬಲಕ್ಕೋ, ಅದರ ಲೆಕ್ಕ. ಬಿದ್ದದ್ದರ ಲೆಕ್ಕ ಎಲ್ಲೂ ಇರಲಿಲ್ಲ. ಕೇಳಿದರೆ, "ಬಿದ್ದದ್ದನ್ನ ಬರದು ಏನ್ ಮಾಡ್ಲಿ? ಅದು ಬಿದ್ದದಲ್ಲ," ಅಂದಳು.

ಆ ಅಕ್ಷರಗಳು ನನಗೆ ಅರ್ಥವಾದದ್ದು ಹುಬ್ಬಳ್ಳಿಯ ಒಂದು ಪಂದ್ಯದ ದಿನ. ಕೊನೆಯ ನಿಮಿಷ, ನಾವು ಒಂದು ಅಂಕ ಹಿಂದೆ, ನನಗೆ ಎರಡು ಫ್ರೀ ಥ್ರೋ. ಮೊದಲನೆಯದು ರಿಂಗಿನ ಮುಂಭಾಗಕ್ಕೆ ಬಡಿದು ಹೊರಗೆ. ಎರಡನೆಯದೂ ಅಲ್ಲೇ ಬಡಿಯಿತು. ನಾನು ತಲೆಯ ಮೇಲೆ ಕೈ ಇಟ್ಟು ನಿಂತೆ. ಪಿ.ಟಿ. ಸರ್ "ಹಿಂದ ಓಡೋ!" ಅಂತ ಕಿರುಚುತ್ತಿದ್ದರು. ಕೇಳಿಸಿತು, ಆದರೂ ನಿಂತೇ ಇದ್ದೆ. ಅಷ್ಟರಲ್ಲಿ ನಾನು ಕಾಯಬೇಕಿದ್ದ ಹುಡುಗ ಆಚೆ ತುದಿಯಲ್ಲಿ ಒಬ್ಬನೇ ಹೋಗಿ ಹಾಕಿ ಬಂದ. ಮೂರು ಅಂಕದಿಂದ ಸೋತೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಗಿರ್ಮಿಟ್ ಪೊಟ್ಟಣ. ನಾನೂ ತಿಂದೆ, ಅಳುತ್ತಾ ತಿಂದೆ. ಹುಡುಗಿಯರ ಪಂದ್ಯ ಮುಗಿಸಿ ನಮ್ಮ ಜೊತೆಗೇ ಬರುತ್ತಿದ್ದ ಆ ಅಕ್ಕ ಮುಂದಿನ ಸೀಟಿನಿಂದ ತಿರುಗಿದಳು.

"ಎಲ್ಲಿ ಬಡೀತು?"

"ಮುಂದ."

"ಎರಡೂ?"

"ಎರಡೂ."

"ಹಂಗಂದ್ರ ಕೈ ಛಲೋ ಅದ. ಕಾಲು ಸೋತಾವ."

ಅಷ್ಟೇ. ಮತ್ತೆ ಕಿಟಕಿ ಕಡೆ ತಿರುಗಿ ಕೂತಳು.

ಅದೇ 1997ರ ಮೇ ತಿಂಗಳಲ್ಲಿ, ನಮಗ್ಯಾರಿಗೂ ಗೊತ್ತಿಲ್ಲದ ಹಾಗೆ, ಕೋಬಿ ಬ್ರ್ಯಾಂಟ್ ಎಂಬ 18 ವರ್ಷದ ಹುಡುಗ ಎನ್‌ಬಿಎಯಲ್ಲಿ ಯೂಟಾ ಜಾಝ್ ತಂಡದ ವಿರುದ್ಧ ಕೊನೆಯ ಹೊತ್ತಿನಲ್ಲಿ ನಾಲ್ಕು ಸಲ ಎಸೆದು, ನಾಲ್ಕೂ ಸಲ ರಿಂಗನ್ನು ಮುಟ್ಟಿಸದೇ ಹೋಗಿದ್ದ. ಅವನ ತಂಡ ಟೂರ್ನಿಯಿಂದಲೇ ಹೊರಬಿತ್ತು. ಆಮೇಲೆ ಅವನೇ ಹೇಳಿಕೊಂಡ ಪ್ರಕಾರ, ಅವನು ನೋಡಿದ್ದು ಒಂದೇ ವಿಷಯ: ಎಸೆತ ಎಲ್ಲ ನೆಟ್ಟಗೇ ಹೋಗಿವೆ, ಆದರೆ ಗಿಡ್ಡ ಬಿದ್ದಿವೆ. ಹಾಗಾದರೆ ಕಾಲಿನಲ್ಲಿ ಕಸುವಿಲ್ಲ. ಹೈಸ್ಕೂಲಿನಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ, ಎನ್‌ಬಿಎಯಲ್ಲಿ 82. ಕಾಲು ಗಟ್ಟಿ ಮಾಡಿಕೊಳ್ಳಲು ಹೊರಟ. ಮುಂದೆ ಐದು ಸಲ ಚಾಂಪಿಯನ್ ಆದ. ಇದನ್ನು ಓದಿದಾಗ ನನಗೆ ನೆನಪಾದದ್ದು ಗಿರ್ಮಿಟ್ ವಾಸನೆ.

ಈಗ ಮೊಬೈಲ್ ತೆರೆದರೆ ಸಾಕು, ದೊಡ್ಡ ಆಟಗಾರರು ನಸುಕಿನ ನಾಲ್ಕಕ್ಕೆ ಏಳುತ್ತಾರೆ ಅನ್ನೋ ಪೋಸ್ಟರುಗಳು. ಬರೀ ಬೇಗ ಏಳೋದರಿಂದ ಆಗೋದಾದರೆ ನಮ್ಮ ಓಣಿಯ ಹಾಲಿನವರು ಎನ್‌ಬಿಎ ಆಡಬೇಕಿತ್ತು, ಅಲ್ವಾ? ನನಗೆ ಅದಕ್ಕಿಂತ ಎನ್‌ಬಿಎ ಆಟಗಾರ ಸ್ಟೀಫನ್ ಕರಿಯ ಲೆಕ್ಕ ಜಾಸ್ತಿ ಇಷ್ಟ. 2015-16ರಲ್ಲಿ ದೂರದಿಂದ ಎಸೆದು ಮೂರು ಅಂಕ ಗಳಿಸುವ ಬುಟ್ಟಿ 402 ಹಾಕಿ ದಾಖಲೆ ಮಾಡಿದ. ಎಸೆದದ್ದು 886. ಅಂದರೆ 484 ಸಲ ತಪ್ಪಿದ್ದಾನೆ! ಆ ವರ್ಷ ಅವನು ಪ್ರತಿ ಸಲ ತಲೆ ಮೇಲೆ ಕೈ ಇಟ್ಟು ನಿಂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ.

ಹೋದ ವರ್ಷ ಚಿಗರಿ ಬಸ್ ಇಳಿದು ಶಾಲೆಯ ಕಡೆ ಹೋಗಿದ್ದೆ. ಬಾಗಿದ ರಿಂಗ್ ಹೋಗಿ ಹೊಸದು ಬಂದಿದೆ, ಹುಣಸೆ ಮರ ಇದೆ. ಹುಡುಗರು ಚೆಂಡು ಕೊಟ್ಟರು. ಐದು ಫ್ರೀ ಥ್ರೋ ಎಸೆದೆ, ಒಂದು ಬಿತ್ತು. ಉಳಿದ ನಾಲ್ಕನ್ನು ಫೋನಿನಲ್ಲಿ ಟೈಪ್ ಮಾಡಿ ಅಕ್ಕನಿಗೆ ಕಳಿಸಿದೆ: ಮುಂ, ಮುಂ, ಮುಂ, ಮುಂ.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಈಗರ ಕಾಲು ನೋಡ್ಕೋ."