ಹೆಪಾರಿನ್ ಮಣಿಸರ: ಮಾದರಿ ಎಲ್ಲಿಗೆ ಬಂತು

ರಕ್ತದ ಪ್ರೋಟೀನ್‌ಗಳಾದ ಆಂಟಿಥ್ರಾಂಬಿನ್, ಥ್ರಾಂಬಿನ್ ಎರಡೂ 3ಡಿ ಪ್ರಿಂಟ್ ಆಗಿ ಮೇಜಿಗೆ ಬಂದಿವೆ. ಮೊದಲನೆಯದಕ್ಕೆ ಪ್ರಿಂಟರಿನ ನೀಲಿ ಪ್ಲಾಸ್ಟಿಕ್ ದಾರ, ಎರಡನೆಯದಕ್ಕೆ ಹಳದಿ. ಆಕಾರ ತೆಗೆದುಕೊಂಡದ್ದು ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ 1ಟಿಬಿ6 ಫೈಲಿನಿಂದ. 2004ರಲ್ಲಿ ಪ್ರಕಟವಾದ ಆ ರಚನೆಯಲ್ಲಿ ಈ ಎರಡು ಪ್ರೋಟೀನ್‌ಗಳ ಜೊತೆಗೆ ಹೆಪಾರಿನ್ ಹೋಲುವ ಕೃತಕ ಸಕ್ಕರೆ ಸರಪಳಿಯೂ ಇದೆ. ಫೈಲ್ ಪುಕ್ಕಟೆ, ಅಣುರಚನೆ ತೋರಿಸುವ ಕೈಮೆರಾಎಕ್ಸ್ ತಂತ್ರಾಂಶದಲ್ಲಿ ತೆರೆದು ಹೊರಮೈಯನ್ನು ಎಸ್‌ಟಿಎಲ್ (3ಡಿ ಪ್ರಿಂಟರ್ ಓದುವ ಫೈಲ್) ಮಾಡಿಕೊಂಡರೆ ಪ್ರಿಂಟರ್ ತಕರಾರು ಮಾಡುವುದಿಲ್ಲ.

ಹೊಸಬರಿಗೆ ಎರಡು ಮಾತು. ಥ್ರಾಂಬಿನ್ ಪ್ರೋಟೀನ್ ಕತ್ತರಿಸುವ ಕಿಣ್ವ, ಕರುಳಿನ ಟ್ರಿಪ್ಸಿನ್‌ನ ಬಳಗದ್ದೇ. ರಕ್ತದಲ್ಲಿರುವ ಫೈಬ್ರಿನೋಜನ್ ಅನ್ನು ಕತ್ತರಿಸಿ ಹೆಪ್ಪು ಕಟ್ಟಿಸುತ್ತದೆ. ಅದಕ್ಕೆ ಲಗಾಮು ಹಾಕುವುದು ಆಂಟಿಥ್ರಾಂಬಿನ್, ಆದರೆ ತಾನೊಂದೇ ಇದ್ದರೆ ಭಾರಿ ನಿಧಾನ. ಹೆಪಾರಿನ್ ಸೇರಿದರೆ ಅದೇ ಕೆಲಸ ಸಾವಿರ ಪಟ್ಟಿಗೂ ಮೀರಿ ಚುರುಕಾಗುತ್ತದೆ. ಹೆಪಾರಿನ್ ಅಂದರೆ ಸಲ್ಫೇಟ್ ಹೊತ್ತ ಉದ್ದನೆಯ ಸಕ್ಕರೆ ಸರಪಳಿ, ಅಷ್ಟೇ. ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ತಡೆಯುವುದಿಲ್ಲ. ಹಾಗಾದರೆ ಅದು ಮಾಡುವುದೇನು ಎಂದು ಕೈಯಲ್ಲಿ ಹಿಡಿದು ನೋಡುವ ಆಸೆಯಿಂದ ಈ ಮಾದರಿ.

ಅಳತೆ ಹೀಗಿದೆ: ಒಂದು ನ್ಯಾನೋಮೀಟರ್‌ಗೆ 2 ಸೆಂಟಿಮೀಟರ್. ಆಂಟಿಥ್ರಾಂಬಿನ್ ಹೆಚ್ಚುಕಡಿಮೆ ಮುಕ್ಕಾಲು ಗೇಣು ಆಯಿತು. ಹೆಪಾರಿನ್‌ನಲ್ಲಿ ಒಂದೊಂದು ಸಕ್ಕರೆ ಹಿಡಿಯುವ ಉದ್ದ ಸುಮಾರು 0.43 ನ್ಯಾನೋಮೀಟರ್, ನನ್ನ ಲೆಕ್ಕದಲ್ಲಿ ಎಂಟೂವರೆ ಮಿಲಿಮೀಟರ್. ಸರದ ಅಂಗಡಿಯಲ್ಲಿ ಸಿಗುವ 8 ಮಿ.ಮೀ. ಗಾಜಿನ ಮಣಿಗಳ ನಡುವೆ ತೆಳುವಾದ ಉಕ್ಕಿನ ವಾಷರ್ ಹಾಕಿ ಪೋಣಿಸಿದರೆ ಸರಿಯಾಗಿ ಕೂರುತ್ತದೆ. ಸಲ್ಫೇಟ್‌ನದು ಋಣ ವಿದ್ಯುದಂಶ, ಪ್ರೋಟೀನ್ ಕಡೆ ಅದನ್ನು ಹಿಡಿಯುವ ಲೈಸೀನ್, ಆರ್ಜಿನೀನ್ ಎಂಬ ಅಮೈನೋ ಆಮ್ಲಗಳದು ಧನ. ಹಾಗಾಗಿ ಆಂಟಿಥ್ರಾಂಬಿನ್ನಿನಲ್ಲಿ ಲೈಸೀನ್ 114, ಲೈಸೀನ್ 125, ಆರ್ಜಿನೀನ್ 129 (ಸಂಖ್ಯೆ ಪ್ರೋಟೀನ್ ಸರಪಳಿಯಲ್ಲಿ ಅವುಗಳ ಸ್ಥಾನ) ಇರುವಲ್ಲಿ ಚಿಕ್ಕ ಮ್ಯಾಗ್ನೆಟ್ ಅಂಟಿಸಿದೆ.

ಇಲ್ಲೊಂದು ಸೂಕ್ಷ್ಮವಿದೆ. ಆಂಟಿಥ್ರಾಂಬಿನ್ ಯಾವ ಸಕ್ಕರೆ ಸಿಕ್ಕರೂ ಬಿಗಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಐದು ಸಕ್ಕರೆಗಳ ಒಂದು ನಿರ್ದಿಷ್ಟ ತುಣುಕು, ಅದರಲ್ಲೂ ನಡುವಿನ ಸಕ್ಕರೆಯ ಮೂರನೇ ಸ್ಥಾನದಲ್ಲಿ ಒಂದು ಅಪರೂಪದ ಸಲ್ಫೇಟ್. ಔಷಧಿ ಹೆಪಾರಿನ್‌ನ ಸರಪಳಿಗಳಲ್ಲಿ ಮೂರರಲ್ಲೊಂದಕ್ಕೆ ಮಾತ್ರ ಈ ತುಣುಕು ಇರುತ್ತದೆ. ನನ್ನ ಸರದಲ್ಲಿ ಆ ನಡುಮಣಿ ಮಾತ್ರ ಮ್ಯಾಗ್ನೆಟಿಕ್ ಮಣಿ, ಬಣ್ಣ ಕೆಂಪು. ಅದಿದ್ದರೆ ಸರ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ತೆಗೆದು ಗಾಜಿನದು ಹಾಕಿದರೆ ಮಾದರಿಯನ್ನು ಸ್ವಲ್ಪ ವಾಲಿಸಿದರೂ ಜಾರಿ ಬೀಳುತ್ತದೆ. ಥ್ರಾಂಬಿನ್‌ಗೆ ಈ ಮಡಿ ಇಲ್ಲ. ಸರಪಳಿಯ ಯಾವ ಭಾಗವಾದರೂ ನಡೆದೀತು, ಹಿಡಿದುಕೊಂಡು ಅದರ ಗುಂಟ ಸರಿಯುತ್ತಾ ಬರುತ್ತದೆ.

ಐದೇ ಮಣಿಯ ಸರ ಹಾಕಿದಾಗ ಥ್ರಾಂಬಿನ್‌ಗೆ ಹಿಡಿಯಲು ಏನೂ ಉಳಿಯಲಿಲ್ಲ. ಹನ್ನೆರಡಕ್ಕೂ ಎಟುಕಲಿಲ್ಲ. ಹದಿನೆಂಟು ಮಣಿಯ ಸರ ಹದಿನೈದೂವರೆ ಸೆಂಟಿಮೀಟರ್ ಬಂತು. ಈಗ ಹಳದಿ ಉಂಡೆ ಸರದ ತುದಿ ಹಿಡಿದು ಆಂಟಿಥ್ರಾಂಬಿನ್ನಿನ ಕುಣಿಕೆಗೆ (ಕಿಣ್ವ ಕಚ್ಚುವ, ಹೊರಚಾಚಿದ ಭಾಗ) ಬಾಯಿ ಇಟ್ಟು ಕೂತಿದೆ. ಥ್ರಾಂಬಿನ್ ತಡೆಗೆ ಕನಿಷ್ಠ 18 ಸಕ್ಕರೆ ಬೇಕು ಎಂದು ಪಠ್ಯಪುಸ್ತಕದಲ್ಲಿ ಓದಿದ್ದಕ್ಕೆ ಕಾರಣ ಕಣ್ಣೆದುರೇ ಇತ್ತು. ಇನ್ನೊಂದು ವಿಷಯ ಮಣಿ ಮುಟ್ಟಿದಾಗಲೇ ಹೊಳೆದದ್ದು: ಕೆಂಪು ಮಣಿ ಸರದ ನಡುವೆ ಬಂದರೆ ಅರ್ಧ ಸರ ಆ ಕಡೆ ವ್ಯರ್ಥವಾಗಿ ಜೋತಾಡುತ್ತದೆ. ಉದ್ದದಷ್ಟೇ ಜಾಗವೂ ಮುಖ್ಯ.

ಹೆಪಾರಿನ್ ಅನ್ನು ತುಂಡರಿಸಿ ಮಾಡುವ ಎನಾಕ್ಸಾಪರಿನ್ ಇಂಜೆಕ್ಷನ್ನಿನ ಗುಟ್ಟೂ ಇದರಲ್ಲೇ ಇದೆ. ಅದರ ಸರಾಸರಿ ಅಣುತೂಕ ಸುಮಾರು 4,500, ಅಂದರೆ ಹದಿನೈದರ ಆಸುಪಾಸು ಸಕ್ಕರೆ. ಹೆಚ್ಚಿನ ಸರಪಳಿಗಳು ಥ್ರಾಂಬಿನ್‌ಗೆ ಸೇತುವೆ ಕಟ್ಟಲಾರವು. ಆದರೆ ಫ್ಯಾಕ್ಟರ್ ಹತ್ತು-ಎ ಎಂಬ ಇನ್ನೊಂದು ಕತ್ತರಿಸುವ ಕಿಣ್ವಕ್ಕೆ ಸೇತುವೆಯೇ ಬೇಡ, ಐದು ಸಕ್ಕರೆ ಕೂತು ಆಂಟಿಥ್ರಾಂಬಿನ್ನಿನ ಕುಣಿಕೆ ಹೊರಗೆ ಚಿಮ್ಮಿದರೆ ಸಾಕು.

ಆ ಚಿಮ್ಮುವಿಕೆಯೇ ಈಗ ತಲೆನೋವು. ಆಂಟಿಥ್ರಾಂಬಿನ್ ಇಲಿಬೋನಿನ ಹಾಗೆ. ಕಿಣ್ವ ಆರ್ಜಿನೀನ್ 393ರ ಬಳಿ ಕಚ್ಚಿದ ಕೂಡಲೇ ಕುಣಿಕೆ ಮೈಯೊಳಗೆ ಮಡಚಿಕೊಂಡು, ಕಿಣ್ವವನ್ನು ಇನ್ನೊಂದು ತುದಿಗೆ ಎಳೆದೊಯ್ದು ಅದರ ಆಕಾರವನ್ನೇ ಕೆಡಿಸಿಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಇದು ಆಗದ ಮಾತು. ಕುಣಿಕೆಯನ್ನು ಮಾತ್ರ ಸಿಲಿಕೋನ್ ಟ್ಯೂಬಿನಲ್ಲಿ ಮಾಡಿ, ಒಳಗೆ ಎಲಾಸ್ಟಿಕ್ ದಾರ ಎಳೆಯುವ ಯೋಚನೆ ಇದೆ. ಅದಕ್ಕೆ ನೀಲಿ ಮಾದರಿಯನ್ನು ಎರಡು ಹೋಳಾಗಿ ಮತ್ತೆ ಪ್ರಿಂಟ್ ಮಾಡಬೇಕು, ಪ್ರಿಂಟರ್ ದಾರದ ಸುರುಳಿ ಆರ್ಡರ್ ಮಾಡಿದ್ದೇನೆ.