ಪಿನ್‌ಕೋಡ್ ನೋಡುತ್ತಿದ್ದವನು ಮನೆ ಹೆಸರು ಕಲಿತದ್ದು

ಎರಡು ವರ್ಷ ನಾನು ಮಂಗಳೂರಿನ ಬೈಕಂಪಾಡಿಯ ಒಂದು ಪಾರ್ಸೆಲ್ ಹಬ್‌ನಲ್ಲಿ ಪಾರ್ಟ್‌ಟೈಮ್ ಸೂಪರ್‌ವೈಸರ್ ಆಗಿದ್ದೆ. ಬೆಳಗಿನ ಜಾವ 4ರಿಂದ 9ರವರೆಗೆ ಡ್ಯೂಟಿ. ರಾತ್ರಿ ಬೆಂಗಳೂರು ಬಿಟ್ಟ ಲಾರಿ ಶಿರಾಡಿ ಘಾಟಿ ಇಳಿದು ಬಂದು ನಿಂತರೆ ಲೋಡ್ ಇಳಿಸಬೇಕು, ಸ್ಕ್ಯಾನ್ ಮಾಡಬೇಕು, ರೂಟ್‌ವಾರು ವಿಂಗಡಿಸಿ ಎಂಟೂವರೆಯೊಳಗೆ ಎಲ್ಲ ಗಾಡಿಗಳನ್ನೂ ಹೊರಡಿಸಬೇಕು. ಘಾಟಿಯಲ್ಲಿ ಗುಡ್ಡ ಜರಿದ ದಿನ ಲಾರಿ ಮುಟ್ಟುವಾಗಲೇ ಹತ್ತು ಗಂಟೆ. ಆಗ ನನ್ನ ಬಾಯಲ್ಲಿ ಒಂದೇ ಮಾತು: "ಬೇಗ ತುಂಬಿಸಿ, ಬೇಗ."

ಅರ್ಧ ದಿನದ ಸಂಬಳದಲ್ಲಿ ಮನೆ ನಡೆಯುತ್ತಿರಲಿಲ್ಲ. ಸುರತ್ಕಲ್ ರೂಟ್‌ನ ಡ್ರೈವರ್ ಅಣ್ಣ ಕೆಲಸ ಬಿಟ್ಟು ಗಲ್ಫ್‌ಗೆ ಹೋದಾಗ ಆ ಗಾಡಿ ನಾನೇ ಓಡಿಸುತ್ತೇನೆ ಎಂದು ಕೇಳಿದೆ. ಅಮ್ಮನಿಗೆ ಬೇಸರವಾಯಿತು. "ನಾಲ್ಕು ಜನರಿಗೆ ಕೆಲಸ ಹೇಳುತ್ತಿದ್ದವ ಇನ್ನು ಮನೆ ಮನೆಗೆ ಕಟ್ಟ ಹೊರುವುದಾ ಮಗಾ?" ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ.

ಇದೇ ದಾರಿ ಹಿಡಿಯುವವರಿಗೆ ಎರಡು ವಿಷಯ. ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಏಸ್ ಎಂಬ ನಮ್ಮ ಪುಟ್ಟ ಸರಕು ಗಾಡಿ ಅದರೊಳಗೇ ಬರುತ್ತದೆ. ಇನ್ನೊಂದು, ಡ್ರೈವರ್ ಆದ ಕೂಡಲೇ ನನ್ನ ಹೆಸರನ್ನು ಕಂಪನಿಯಿಂದ ತೆಗೆದು ಗುತ್ತಿಗೆದಾರನ ಲೆಕ್ಕಕ್ಕೆ ಹಾಕಿದರು, ಹಾಕುವ ಮೊದಲು ಒಂದು ಮಾತು ಹೇಳಲಿಲ್ಲ. ಮೂರನೇ ತಿಂಗಳ ಸಂಬಳ ಚೀಟಿ ನೋಡಿದಾಗ ಗೊತ್ತಾಯಿತು. ಪಿಎಫ್‌ಗೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಮುಂದುವರಿಯಬೇಕು. ಹೊಸತು ಮಾಡಿಸಿದರೆ ಹಿಂದಿನ ದುಡ್ಡು ಬೇರೆ ಖಾತೆಯಲ್ಲಿ ಕೂತುಬಿಡುತ್ತದೆ. ಸಹಿ ಹಾಕುವ ಮೊದಲೇ ಕೇಳಿ.

ಇನ್ನು ರೂಟ್. ಹಬ್‌ನಲ್ಲಿ ನನಗೆ ಸುರತ್ಕಲ್ ಎಂದರೆ 575014. ಅಲ್ಲೇ ಇರುವ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನದು 575025. ವಿದ್ಯಾರ್ಥಿಗಳು ಆರ್ಡರ್ ಮಾಡುವಾಗ ಒಂದರ ಬದಲು ಇನ್ನೊಂದು ಹಾಕುತ್ತಾರೆ, ನಾವು ಪಿನ್ ಮಾತ್ರ ನೋಡಿ ಆಯಾ ರಾಶಿಗೆ ಎಸೆಯುತ್ತಿದ್ದೆವು. ಆ ಕ್ಯಾಂಪಸ್ ಹೆದ್ದಾರಿ 66ರ ಎರಡೂ ಬದಿಗಿದೆ. ತಪ್ಪು ಬದಿಯ ಒಂದು ಪಾರ್ಸೆಲ್ ಬಂದರೆ ಯು ಟರ್ನ್ ಹುಡುಕಿ ಹೋಗಿ ಬರಬೇಕು ಎನ್ನುವುದು ಸ್ಟಿಯರಿಂಗ್ ಹಿಡಿದ ಮೇಲೆ ತಿಳಿಯಿತು.

ಕಾಟಿಪಳ್ಳ, ಕಾನ, ಮುಕ್ಕದ ಒಳಗೆ ಹೋದರೆ ಪಿನ್‌ಕೋಡೂ ಉಪಯೋಗಕ್ಕೆ ಬರುವುದಿಲ್ಲ, ಡೋರ್ ನಂಬರೂ ಬರುವುದಿಲ್ಲ. ನಮ್ಮ ಊರಿನಲ್ಲಿ ಮನೆಗಳು ಸಾಲಾಗಿ ಇರುವುದಲ್ಲವಲ್ಲ. ಒಂದೊಂದು ಮನೆ ಒಂದೊಂದು ಹಿತ್ತಿಲಿನ ಒಳಗೆ. ಭಜನಾ ಮಂದಿರದ ಹಿಂದೆ, ಕಟ್ಟೆಯಿಂದ ಕೆಳಗೆ, ನಾಗಬನದ ಬದಿ ಎಂದೇ ಹುಡುಕಬೇಕು. ಒಂದೇ ರೂಟ್‌ನಲ್ಲಿ ನನಗೆ ಮೂರು 'ಗುಡ್ಡೆಮನೆ' ಉಂಟು. ಮಳೆ ಹೊಡೆಯುವಾಗ ಹಿಂದಿನ ಬಾಗಿಲು ತೆರೆದಿಟ್ಟು ಹುಡುಕುವ ಹಾಗಿಲ್ಲ. ಎರಡು ನಿಮಿಷದಲ್ಲಿ ರಟ್ಟಿನ ಪೆಟ್ಟಿಗೆ ಅಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಮೊದಲು ಕೊಡುವುದು ಬಾಗಿಲ ಹತ್ತಿರ, ಕೊನೆಗೆ ಕೊಡುವುದು ಒಳಗೆ ಇರಬೇಕು. ಎಂದರೆ ತುಂಬಿಸುವುದು ಉಲ್ಟಾ, ಕೊನೆಯ ಮನೆಯದು ಮೊದಲು. 'ಬೇಗ ಬೇಗ' ಎಂದು ನಾನು ತುಂಬಿಸಿದ ಒಂದು ಗಾಡಿಯಲ್ಲೂ ಆ ಕ್ರಮ ಇರಲಿಲ್ಲ.

ಜುಲೈಯ ಒಂದು ದಿನ ಮುಕ್ಕದ ಒಂದು ಔಷಧಿ ಪೊಟ್ಟಣ ಕೈಗೆ ಸಿಗಲಿಲ್ಲ. ಸಂಜೆ ಗಾಡಿ ಖಾಲಿ ಮಾಡುವಾಗ ಮಿಕ್ಸಿ ಪೆಟ್ಟಿಗೆಯ ಅಡಿಯಲ್ಲಿ ಇತ್ತು. ಮರುದಿನ ಮೊದಲು ಅಲ್ಲಿಗೇ ಹೋದೆ. ಅಮ್ಮ ಒಬ್ಬರು ಗೇಟಿನ ಕಂಬ ಹಿಡಿದು ನಿಂತಿದ್ದರು. "ನಿನ್ನೆ ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಚಾವಡಿಯಲ್ಲೇ ಕೂತಿದ್ದೆ ಮಗಾ, ಹಾರ್ನ್ ಕೇಳುತ್ತದಾ ಎಂದು." ಇಷ್ಟೇ ಹೇಳಿದರು. ಬೈದಿದ್ದರೆ ಸಹಿಸುತ್ತಿದ್ದೆ.

ಹಬ್‌ನಲ್ಲಿದ್ದಾಗ ಅಂಥ ಪಾರ್ಸೆಲ್ ನನ್ನ ಶೀಟಿನಲ್ಲಿ ಒಂದು ಸಾಲು. ಅದರಲ್ಲೂ ಇದೇ ರೂಟ್‌ನ ಅಣ್ಣನಿಗೆ, ವಾಪಸ್ ತರುವ ಪಾರ್ಸೆಲ್ ಜಾಸ್ತಿ, ಸೋಮಾರಿತನ ಎಂದು ಮೆಮೊ ಬರೆದವನೇ ನಾನು. ತಪ್ಪು ತುಂಬಿಸಿದವನೂ ನಾನು. ಆ ರಾತ್ರಿ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, "ಅದಿರಲಿ. ಮುಕ್ಕದ ಆ ಅಮ್ಮನಿಗೆ ಸೊಂಟನೋವು ಮಾರಾಯ, ಗೇಟಿನವರೆಗೆ ಕರೆಸಬೇಡ. ಚಾವಡಿಗೇ ಕೊಂಡುಹೋಗಿ ಕೊಡು," ಎಂದ. ಒಂದು ಗಂಟೆ ಮಾತಾಡಿದೆವು. ಯಾವ ಮನೆಯ ನಾಯಿ ಬಿಚ್ಚಿರುತ್ತದೆ, ಯಾರು ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನದವರೆಗೆ ಮಲಗಿರುತ್ತಾರೆ, ಯಾವ ಗುಡ್ಡೆಮನೆಗೆ ಮಳೆಗಾಲದಲ್ಲಿ ಗಾಡಿ ಇಳಿಸಬಾರದು, ಎಲ್ಲ ಹೇಳಿದ. ನಾನು ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಇಷ್ಟೆಲ್ಲ ತಿಳಿದವನಿಗೆ ಸೋಮಾರಿ ಎಂದು ಬರೆದಿದ್ದೆ.

ಈಗ ಏಳು ಗಂಟೆಗೇ ಹಬ್‌ಗೆ ಹೋಗುತ್ತೇನೆ. ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ ಮನೆ ಹೆಸರು, ಪಕ್ಕದಲ್ಲಿ ಸರದಿ ನಂಬರ್ ಬರೆದು ತುಂಬಿಸುತ್ತೇನೆ. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಸಂಜೆ ಒಂದು ಗಂಟೆ ಮೊದಲು ಮನೆ ಸೇರುತ್ತೇನೆ. ಈಗಿನ ಸೂಪರ್‌ವೈಸರ್ ಹುಡುಗ ಮೊದಮೊದಲು ಗಡಿಯಾರ ತೋರಿಸುತ್ತಿದ್ದ. ಒಂದು ದಿನ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾನದವರೆಗೆ ಹೋಗಿ ಬಂದೆ. ಈಗ ಸುರತ್ಕಲ್, ಕುಳಾಯಿ ಎರಡು ರೂಟ್‌ಗಳಿಗೆ ಸರದಿಯಲ್ಲೇ ತುಂಬಿಸಲು ಬಿಡುತ್ತಾನೆ. ಉಳಿದವಕ್ಕೂ ಆಗಬೇಕು ಎಂದು ಮ್ಯಾನೇಜರ್ ಹತ್ತಿರ ಕೇಳುತ್ತಲೇ ಇದ್ದೇನೆ.