ಗೆದ್ದರೆ ಪಾಯಿಂಟ್ ಯಾರಿಗೆ ಬೇಕು?

2025ರ ನವೆಂಬರ್ ಕೊನೆಯ ಮಂಗಳವಾರ ಮಗಳು ಶಾಲೆಯಿಂದ ಬಂದಾಗ ಅವಳ ಹೆಸರಿನ ಮೊದಲ ಅಕ್ಷರ ಕಾಣೆಯಾಗಿತ್ತು. ಬ್ಯಾಗಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದ ಹೆಸರಿನ ಚೀಟಿ. ಅದರಲ್ಲಿ ಎಂ ಅಕ್ಷರದ ಮೇಲೆ ಕೆಂಪು ಟೇಪಿನ ಇಂಟು ಗುರುತು. ಮಾನಸ ಹೋಗಿ ಆನಸ ಆಗಿದ್ದಳು. ಯಾರು ಮಾಡಿದ್ದು ಅಂತ ಕೇಳಿದೆ. ದನಿ ಸ್ವಲ್ಪ ಏರಿತ್ತು ಅನ್ನಿಸುತ್ತೆ. ಪರದೇಶದಲ್ಲಿ ಮಕ್ಕಳ ಹೆಸರಿಗೆ ಯಾರಾದರೂ ಕೈ ಹಾಕಿದರೆ ನಮಗೆ ಬೇಗ ಉರಿದುಬಿಡುತ್ತೆ.

"ನಾನೇ ಹಾಕ್ಕೊಂಡೆ. ಎಲ್ಲರೂ ಹಾಕ್ಕೊಂಡ್ರು. ಈ ವಾರ ಎಂ ಇರಲ್ಲ ಅಪ್ಪ, ಗೊತ್ತಿಲ್ವಾ?"

ಗೊತ್ತಿರಬೇಕಿತ್ತು. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಒಂಬತ್ತು ವರ್ಷವಾಯಿತು. ನವೆಂಬರ್ ಕೊನೆಯ ಈ ವಾರ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬೋರ್ಡುಗಳ ಮೇಲಿನ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪು ಬೀಳುತ್ತೆ. ಯಾಕೆಂದರೆ ಶನಿವಾರ ಪಕ್ಕದ ರಾಜ್ಯದ ಮಿಷಿಗನ್ ವಿಶ್ವವಿದ್ಯಾಲಯದ ಜೊತೆ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 1897ರಲ್ಲಿ ಶುರುವಾದ ಜಗಳ ಇದು. ಇಲ್ಲಿನ ಹಳಬರು ಆ ಹೆಸರನ್ನೇ ಬಾಯಲ್ಲಿ ತರುವುದಿಲ್ಲ. 'ಉತ್ತರದ ಆ ಟೀಮು' ಅಂತಾರೆ ಅಷ್ಟೇ. ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅಂತೀವಲ್ಲ, ಹಾಗೆ.

ಪಕ್ಕದ ಮನೆಯ ಹಿರಿಯರು ಇಡೀ ಜೀವಮಾನ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಮಗಳ ಬಾಯಲ್ಲಿ ಅವರು 'ಬಸ್ ಅಜ್ಜ'. ಕಾಲೇಜು ಫುಟ್‌ಬಾಲ್ ಶುರುವಾದರೆ ವಾರ ವಾರವೂ ನಮ್ಮ ಬೀದಿಯ ಮನೆಗಳ ಬಾಗಿಲಿಗೆ ಅವರ ಒಂದು ಹಾಳೆ ಬರುತ್ತೆ. ಹತ್ತು ಆಟ. ಯಾರು ಗೆಲ್ತಾರೆ ಅಂತ ಗುರುತು ಹಾಕಬೇಕು. ಅಷ್ಟೇ ಆಗಿದ್ದರೆ ಸುಲಭವಿತ್ತು. ಯಾವುದು ಎಷ್ಟು ಖಾತ್ರಿ ಅಂತ ಒಂದರಿಂದ ಹತ್ತರವರೆಗೆ ಅಂಕವನ್ನೂ ಕೊಡಬೇಕು, ಒಂದು ಅಂಕ ಒಂದೇ ಸಲ. ಊಹೆ ಸರಿಯಾದರೆ ಆ ಅಂಕ ನಮ್ಮದು, ತಪ್ಪಾದರೆ ಸೊನ್ನೆ. ದುಡ್ಡಿನ ಮಾತೇ ಇಲ್ಲ. ಗೆದ್ದವರಿಗೆ ಅವರ ಮನೆಯಲ್ಲೇ ಮಾಡಿದ ಬಕ್‌ಐ ಮಿಠಾಯಿ ಒಂದು ಡಬ್ಬಿ. ಕಡಲೆಬೀಜದ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಮುಕ್ಕಾಲು ಮುಳುಗಿಸಿ ತೆಗೆದದ್ದು. ಬಕ್‌ಐ ಅಂದರೆ ಈ ರಾಜ್ಯದ ಮರವೊಂದರ ಕಾಯಿ. ಟೀಮಿನ ಹೆಸರೂ ಅದೇ.

ನಾನು ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕ ಹಾಕುವವನು. ಅಪಾಯ ಅಳೆಯುವುದೇ ಕೆಲಸ. ಹಾಗಾಗಿ ಈ ಸಲ ಜಂಬದಿಂದ ಎಕ್ಸೆಲ್ ಹಾಳೆ ಮಾಡಿಕೊಂಡೆ. ರ‍್ಯಾಂಕು, ಹಿಂದಿನ ಆಟಗಳ ಅಂತರ, ಮನೆ ಮೈದಾನಕ್ಕೆ ಎರಡು ಮೂರು ಪಾಯಿಂಟು ಜಾಸ್ತಿ, ಎಲ್ಲ ಸೇರಿಸಿದೆ. ಅಕ್ಟೋಬರ್ 4ರ ಹಾಳೆಯಲ್ಲಿ ನನ್ನ ಹತ್ತು ಅಂಕ ಪೆನ್ ಸ್ಟೇಟ್ ಮೇಲೆ. ದೇಶದಲ್ಲಿ ಏಳನೇ ರ‍್ಯಾಂಕು. ಎದುರು ಯುಸಿಎಲ್‌ಎ, ಆಡಿದ ನಾಲ್ಕರಲ್ಲಿ ನಾಲ್ಕೂ ಸೋತಿದ್ದ ಟೀಮು. ಇದಕ್ಕಿಂತ ಖಾತ್ರಿ ಇನ್ನೇನು ಬೇಕು? ಯುಸಿಎಲ್‌ಎ 42, ಪೆನ್ ಸ್ಟೇಟ್ 37. ಮುಂದಿನ ವಾರ ಪೆನ್ ಸ್ಟೇಟ್‌ನವರು ಇನ್ನೊಂದು ಆಟ ಸೋತರು, ಅವರ ಕೋಚ್ ಕೆಲಸವೂ ಹೋಯಿತು. ನನ್ನ ಕೆಲಸ ಉಳಿದಿದೆ, ಸದ್ಯ.

ಮಗಳದ್ದು ಬೇರೆ ಶಾಸ್ತ್ರ. ಟೀಮುಗಳ ಹೆಸರಿನಲ್ಲಿರುವ ಪ್ರಾಣಿಗಳು ಎದುರಾಬದುರಾದರೆ ಯಾವುದು ಗೆಲ್ಲುತ್ತೆ ಅಂತ ಯೋಚಿಸ್ತಾಳೆ. ಬ್ಯಾಜರ್ ಮುಂದೆ ಗೋಫರ್ ನಿಲ್ಲೋದಿಲ್ಲ. ಬಾತುಕೋಳಿ ಯಾರ ಮುಂದೆಯೂ ನಿಲ್ಲೋದಿಲ್ಲ. ಅಕ್ಟೋಬರ್ 11ಕ್ಕೆ ಒರೆಗಾನಿನ ಬಾತುಕೋಳಿಗಳು ತಮ್ಮದೇ ಮೈದಾನದಲ್ಲಿ ಇಂಡಿಯಾನಾಗೆ 30–20ರಲ್ಲಿ ಸೋತವು. ಬೀದಿಯಲ್ಲಿ ಇಂಡಿಯಾನಾ ಅಂತ ಬರೆದವಳು ಇವಳೊಬ್ಬಳೇ. ದಶಕಗಟ್ಟಲೆ ಸೋಲುವುದಕ್ಕೇ ಹೆಸರಾಗಿದ್ದ ಟೀಮದು. ಮಿಠಾಯಿ ಡಬ್ಬಿ ನಮ್ಮ ಮನೆಗೇ ಬಂತು, ಆದರೆ ನನ್ನ ಕೈಗೆ ಸಿಕ್ಕಿದ್ದು ಎರಡೇ.

ಒಂದು ಮಾತು ಒಪ್ಪಬೇಕು. ಈ ಜನ ಲೆಕ್ಕ ಇಡ್ತಾರೆ. ಟಿವಿಯಲ್ಲಿ ಲೀ ಕೋರ್ಸೋ ಅಂತ ಒಬ್ಬರಿದ್ದರು, ಹಳೆಯ ಕೋಚ್. ಶನಿವಾರ ಬೆಳಿಗ್ಗೆಯ ಕಾರ್ಯಕ್ರಮದ ಕೊನೆಗೆ, ಯಾರು ಗೆಲ್ತಾರೆ ಅಂತ ಬಾಯಲ್ಲಿ ಹೇಳದೆ ಆ ಟೀಮಿನ ಗೊಂಬೆಯ ತಲೆಯನ್ನು ತಮ್ಮ ತಲೆಗೆ ಹಾಕಿಕೊಳ್ತಿದ್ದರು. ಮೊದಲ ಸಲ ಹಾಕಿಕೊಂಡಿದ್ದು 1996ರಲ್ಲಿ, ಇದೇ ಕೊಲಂಬಸ್‌ನಲ್ಲಿ, ಒಹಾಯೋ ಸ್ಟೇಟ್‌ನ ಬಕ್‌ಐ ಕಾಯಿ ಗೊಂಬೆಯ ತಲೆ. 2025ರ ಆಗಸ್ಟ್ 30ಕ್ಕೆ ತೊಂಬತ್ತರ ವಯಸ್ಸಿನಲ್ಲಿ ಕೊನೆಯ ಸಲ ಹಾಕಿಕೊಂಡಿದ್ದೂ ಇಲ್ಲೇ, ಅದೇ ತಲೆ. ಅವತ್ತು ಒಂದನೇ ರ‍್ಯಾಂಕಿನ ಟೆಕ್ಸಸ್ಸನ್ನು ಒಹಾಯೋ ಸ್ಟೇಟ್ 14–7ರಲ್ಲಿ ಸೋಲಿಸಿತು. ಅಷ್ಟು ವರ್ಷದಲ್ಲಿ ಅವರು ಹೇಳಿದ್ದು ಎಷ್ಟು ಸರಿ, ಎಷ್ಟು ತಪ್ಪು ಅಂತ ಒಂದೂ ಬಿಡದೆ ಲೆಕ್ಕ ಇದೆ. ಹೆಚ್ಚುಕಮ್ಮಿ ಮೂರಕ್ಕೆ ಎರಡು ಸರಿ. ಹುಟ್ಟಿನಿಂದ ಇದನ್ನೇ ನೋಡಿದ ಮನುಷ್ಯನಿಗೂ ಅಷ್ಟೇ! ನಮ್ಮ ಟಿವಿಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೂತು ಚುನಾವಣೆ, ಮಳೆ, ಮದುವೆ ಎಲ್ಲದಕ್ಕೂ ಭವಿಷ್ಯ ಹೇಳುವವರ ಸರಿ ತಪ್ಪಿನ ಪಟ್ಟಿಯನ್ನು ಯಾರಾದರೂ ಇಟ್ಟಿದ್ದಾರಾ? ಇಟ್ಟರೆ ಒಂದು ತಿಂಗಳೂ ಆ ಕುರ್ಚಿಯಲ್ಲಿ ಇರೋದಿಲ್ಲ.

ಇಲ್ಲೇನು ಎಲ್ಲ ಚೊಕ್ಕ ಅಂತ ಅಲ್ಲ. 2023ರ ಜನವರಿ 1ರಿಂದ ಈ ರಾಜ್ಯದಲ್ಲಿ ಬೆಟ್ಟಿಂಗ್ ಕಾನೂನುಬದ್ಧ. ಫೋನಿನಲ್ಲೇ ಆಡಬಹುದು. ಬಾಜಿ ಸೋತವರು ಕಾಲೇಜು ಹುಡುಗರಿಗೇ ಬೈಗುಳ, ಬೆದರಿಕೆ ಕಳಿಸತೊಡಗಿದ ಮೇಲೆ, 2024ರಲ್ಲಿ ಕಾಲೇಜಿನ ಒಬ್ಬೊಬ್ಬ ಆಟಗಾರನ ಮೇಲೆ ಬಾಜಿ ಕಟ್ಟುವುದನ್ನು ನಿಲ್ಲಿಸಿದರು. ನಮ್ಮೂರಲ್ಲಿ ಓಸಿ ಆಡಿ ಮನೆ ಮಾರಿಕೊಂಡವರನ್ನು ನೋಡಿ ಬೆಳೆದವನಿಗೆ ಆ ಜಾಹೀರಾತು ಕಂಡರೆ ಸುಮ್ನೆ ಚಾನೆಲ್ ಬದಲಾಯಿಸೋಣ ಅನ್ನಿಸುತ್ತೆ.

ನಮ್ಮೂರು ರಾಣೆಬೆನ್ನೂರು. ಹೊಳೆ ದಾಟಿದರೆ ಮೈಲಾರ. ಭರತ ಹುಣ್ಣಿಮೆ ಕಳೆದ ಮೇಲೆ ಅಲ್ಲಿ ಕಾರಣಿಕ. ಒಂದು ಸಲ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದ. ಎತ್ತ ನೋಡಿದರೂ ಜನ. ಕಪ್ಪು ಕಂಬಳಿಯ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ. ಅಷ್ಟು ಲಕ್ಷ ಜನ ಒಂದೇ ಸಲ ಸುಮ್ಮನಾದರು. ಎಲ್ಲೋ ಒಂದು ಕೂಸು ಅಳೋದು ಕೇಳ್ತಿತ್ತು. ಅವನು ಒಂದೇ ಮಾತು ನುಡಿದು, ಪರಾಕ್ ಅಂದು, ಕೈಬಿಟ್ಟು ಕೆಳಗೆ ಬಿದ್ದ. ಕೆಳಗಿದ್ದವರು ಹಿಡಿದುಕೊಂಡರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಮಾತಿನ ಅರ್ಥದ್ದೇ ಜಗಳ. ಅಜ್ಜನನ್ನು ಕೇಳಿದೆ. "ಮಳಿ ಬಂದ್ರ ಮಳಿಗೆ ಅಂದಂಗ ಆತು. ಬರ್ಲಿಲ್ಲಂದ್ರ ರಾಜಕೀಯಕ್ಕ" ಅಂದ. ಅಷ್ಟು ಅಂದವನು ಮರುವರ್ಷವೂ ಹೋದ.

ಆ ಥರದ ಮೌನವನ್ನು ಮತ್ತೆ ಕೇಳಿದ್ದು 2024ರ ನವೆಂಬರ್ 30ಕ್ಕೆ. ಆಫೀಸಿನವರೊಬ್ಬರು ಟಿಕೆಟ್ ಕೊಟ್ಟಿದ್ದರು. ಒಹಾಯೋ ಸ್ಟೇಡಿಯಂ, ಲಕ್ಷದ ಮೇಲೆ ಜನ. ಒಹಾಯೋ ಸ್ಟೇಟ್‌ಗೆ ಎರಡನೇ ರ‍್ಯಾಂಕು, ಮಿಷಿಗನ್‌ಗೆ ರ‍್ಯಾಂಕೇ ಇಲ್ಲ. ಇಪ್ಪತ್ತು ಪಾಯಿಂಟಿನಲ್ಲಿ ಗೆಲ್ತೀವಿ ಅಂತ ಎಲ್ಲರ ಲೆಕ್ಕ. ಮುಕ್ಕಾಲು ನಿಮಿಷ ಉಳಿದಿದ್ದಾಗ ಅವರ ಹುಡುಗನೊಬ್ಬ ಚೆಂಡನ್ನು ಕಂಬಗಳ ನಡುವೆ ಒದ್ದ. 13–10. ಸದ್ದಲೇ ಅಂತ ಯಾರೂ ಅನ್ನಲಿಲ್ಲ. ಇಳಿಯುವ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಮಾತ್ರ. ಕೆಳಗೆ ಬಾವುಟ ನೆಡೋ ವಿಷಯಕ್ಕೆ ಎರಡೂ ಕಡೆ ಹುಡುಗರು ಕೈಕೈ ಮಿಲಾಯಿಸಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದಿದ್ದು ಆಮೇಲಿನ ಕಥೆ. ಎರಡು ತಿಂಗಳೊಳಗೆ ಇದೇ ಒಹಾಯೋ ಸ್ಟೇಟ್ ಇಡೀ ದೇಶಕ್ಕೇ ಚಾಂಪಿಯನ್ ಆಯಿತು. ಆದರೂ ಈ ಬೀದಿಯಲ್ಲಿ ಜನ ನೆನೆಸಿಕೊಳ್ಳೋದು 13–10ನ್ನೇ.

ಆ ವಾರ ಬೀದಿಯಲ್ಲಿ ಸರಿಯಾಗಿ ಬರೆದವರು ಒಬ್ಬರೇ. ಬಸ್ ಅಜ್ಜ. ಹತ್ತಕ್ಕೆ ಹತ್ತು ಅಂಕ, ಮಿಷಿಗನ್ ಮೇಲೆ. ಎಂ ಅಕ್ಷರಕ್ಕೆ ಕೆಂಪು ಇಂಟು ಹೊಡೆದು ಅದರ ಪಕ್ಕದಲ್ಲೇ ಗುರುತು ಹಾಕಿದ್ದರು. ನನಗೆ ಆಗ ಒಂಥರಾ ಅನ್ನಿಸಿತ್ತು. ಇಷ್ಟೆಲ್ಲ ಅಭಿಮಾನ ತೋರಿಸಿ, ಹಾಳೆಯಲ್ಲಿ ಹೀಗಾ?

ನಾನು ಕೇಳದೇ ಬಿಟ್ಟಿದ್ದನ್ನು ಮಗಳು ನಿನ್ನೆ ಕೇಳಿಬಿಟ್ಟಳು. ಹಾಳೆ ಕೊಡಲು ಬಂದಿದ್ದರು, ಜೇಬಿನಲ್ಲಿ ಎಂದಿನಂತೆ ಒಂದು ಬಕ್‌ಐ ಕಾಯಿ, ಅದೃಷ್ಟಕ್ಕೆ. "ನಿಮ್ಮ ಟೀಮ್ ಮೇಲೆ ನಿಮಗೆ ನಂಬಿಕೆ ಇಲ್ವಾ? ಯಾವಾಗಲೂ ಅವರೇ ಗೆಲ್ತಾರೆ ಅಂತ ಬರೀತೀರಂತೆ." ಅವರು ಬಾಗಿಲಲ್ಲೇ ನಿಂತು ನಕ್ಕರು. "ನಮ್ಮವರು ಸೋತರೆ ನನಗೆ ಹತ್ತು ಪಾಯಿಂಟ್ ಸಿಗುತ್ತೆ ಪುಟ್ಟಿ. ಗೆದ್ದರೆ ಪಾಯಿಂಟ್ ಯಾರಿಗೆ ಬೇಕು?"

ನನಗೆ ನಮ್ಮ ಓಣಿಯ ಕಟ್ಟೆ ನೆನಪಾಯಿತು. ಪಿಯುಸಿ ರಿಸಲ್ಟ್‌ಗೆ ಎರಡು ದಿನ ಮುಂಚೆ ಅಪ್ಪ ಆ ಕಟ್ಟೆಯ ಮೇಲೆ ಕೂತು ಹೇಳ್ತಿದ್ದ. "ನಮ್ಮವನಾ? ಪಾಸಾದ್ರ ದೊಡ್ಡದು ಮಾರಾಯ. ಫಸ್ಟ್ ಕ್ಲಾಸ್ ಎಲ್ಲಿಂದ ಬರಬೇಕು." ನಾನು ಸೈಕಲ್ ಹಿಡಿದು ಗೋಡೆಯ ಈಚೆ ನಿಂತಿದ್ದೆ. ಫಸ್ಟ್ ಕ್ಲಾಸೇ ಬಂತು. ಆದರೆ ಆ ಮಾತು ಹೋಗಲಿಲ್ಲ. ಇಲ್ಲಿಗೆ ಬರೋ ವಿಮಾನ ಹತ್ತುವಾಗಲೂ ಅದು ಜೊತೆಗೇ ಹತ್ತಿತ್ತು.

ನಿನ್ನೆ ರಾತ್ರಿ ಫೋನಿನಲ್ಲಿ ಅವ್ವನಿಗೆ ಬಸ್ ಅಜ್ಜನ ಕಥೆ ಹೇಳಿದೆ, ಆ ಕಟ್ಟೆ ಮಾತೂ ಬಂತು. ಅವ್ವ ನಕ್ಕಳು. "ಅಯ್ಯ, ದೃಷ್ಟಿ ಆಗ್ತೈತಂತ ಹಂಗ ಅಂತಿದ್ರೋ. ಧಾರವಾಡಕ್ಕ ಹೋದವ್ರು ಹಿಂದಿನ ದಿನಾನ ಎರಡು ಕಿಲೋ ಪೇಢಾ ತಂದು ಜೋಳದ ಚೀಲದ ಹಿಂದ ಇಟ್ಟಿದ್ರು. ನಿನಗ ಹೇಳಬ್ಯಾಡ ಅಂದ್ರು." ಇದೇ ಅವ್ವ ನಾವು ಕೆಟ್ಟದ್ದು ಬಾಯಿಬಿಟ್ಟರೆ "ಬಿಡ್ತು ಅನ್ನು, ಮ್ಯಾಲೆ ಅಸ್ತು ದೇವತೆಗೋಳು ಇರ್ತಾರ" ಅಂತ ಗದರಿಸುತ್ತಿದ್ದವಳು. ಒಳ್ಳೆಯದು ಅಂದರೆ ದೃಷ್ಟಿ, ಕೆಟ್ಟದ್ದು ಅಂದರೆ ಅಸ್ತು. ನಡುವೆ ಮನುಷ್ಯ ಏನು ಅನ್ನಬೇಕೋ!

ಅಪ್ಪ ಫೋನ್ ಇಸ್ಕೊಂಡ. ಪೇಢಾದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಶನಿವಾರ ಎಷ್ಟೊತ್ತಿಗೆ ಆಟ?" ಅಂದ. ಇಲ್ಲಿ ಮಧ್ಯಾಹ್ನ ಹನ್ನೆರಡು, ನಿಮಗೆ ರಾತ್ರಿ ಹತ್ತೂವರೆ ಅಂದೆ. "ಯಾರು ಗೆಲ್ತಾರ?"

ಎಕ್ಸೆಲ್ ಪ್ರಕಾರ ನಮ್ಮವರೇ. ಈ ಸಲ ಹನ್ನೊಂದಕ್ಕೆ ಹನ್ನೊಂದೂ ಗೆದ್ದಿದ್ದಾರೆ, ಒಂದನೇ ರ‍್ಯಾಂಕು. ಆದರೆ ಆಟ ಇರೋದು ಆನ್ ಆರ್ಬರ್‌ನಲ್ಲಿ, ಅವರ ಮೈದಾನದಲ್ಲಿ. ಅವರ ಮೇಲೆ ಸತತ ನಾಲ್ಕು ಸೋತಿದ್ದೀವಿ.

"ಹೇಳೋಕೆ ಬರಲ್ಲ ಅಪ್ಪ. ಕಷ್ಟ ಐತಿ" ಅಂದೆ.

"ಹಂಗ ಅನ್ನು" ಅಂದ.

ಇವತ್ತು ರಾತ್ರಿಯೊಳಗೆ ಹಾಳೆ ವಾಪಸ್ ಕೊಡಬೇಕು. ಅಡುಗೆಮನೆ ಟೇಬಲ್ ಮೇಲೆ ಮಗಳದ್ದು ಇತ್ತು, ನೋಡಿದೆ. ಕೊನೆಯ ಸಾಲಿನಲ್ಲಿ ಮಿಷಿಗನ್‌ಗೆ ಹತ್ತು. ಮೊದಲಕ್ಷರಕ್ಕೆ ಇಂಟು. ಮೇಲೆ ಹೆಸರು ಬರೆಯೋ ಜಾಗದಲ್ಲಿ: ಆನಸ.